ಧಾರಣೆ ಒಂದೇ ಲಾಭವಲ್ಲ: ಖರ್ಚು, ಫಸಲು, ಧಾರಣೆ ಈ ಮೂರರ ಲೆಕ್ಕ



ಕಳೆದ ಕೊಯಿಲು ಮುಗಿದ ಮೇಲೆ ನಮ್ಮ ಸಂಘದ ಕಚೇರಿಗೆ ಒಂದೇ ದಿನ ಇಬ್ಬರು ಸದಸ್ಯರು ಬಂದಿದ್ದರು. ಇಬ್ಬರದೂ ಹೆಚ್ಚುಕಡಿಮೆ ಐದೈದು ಎಕರೆ ರೋಬಸ್ಟಾ ತೋಟ, ಕೆಳಗಿನ ಗದ್ದೆಯಲ್ಲಿ ಸ್ವಲ್ಪ ಅಡಿಕೆ. ಇಬ್ಬರೂ ಒಂದೇ ವಾರದಲ್ಲಿ, ಒಂದೇ ಧಾರಣೆಗೆ ಚೆರಿ ಮಾರಿದ್ದರು. ಒಬ್ಬರು ಸಾಲದ ಬಾಕಿ ತೀರಿಸಿ, ಉಳಿದ ಹಣವನ್ನು ಠೇವಣಿ ಇಡಲು ಬಂದವರು. ಇನ್ನೊಬ್ಬರು ಕಂತು ಕಟ್ಟಲು ಅವಧಿ ಕೇಳಲು ಬಂದವರು. "ಇಷ್ಟು ಒಳ್ಳೇ ರೇಟು ಸಿಕ್ಕಿದ ವರ್ಷವೂ ಕೈಯಲ್ಲಿ ಏನೂ ನಿಲ್ಲಲಿಲ್ಲವಲ್ಲ ಕಾರ್ಯದರ್ಶಿಗಳೇ, ದುಡ್ಡೆಲ್ಲ ಎಲ್ಲಿಗೆ ಹೋಯಿತು?" ಎಂದು ಅವರು ಕೇಳಿದರು.

ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ನಮಗೂ ಆಗಲಿಲ್ಲ. ಕುಳಿತು, ಅವರ ಚೀಟಿಗಳನ್ನೆಲ್ಲ ಹರಡಿ, ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆಯೇ ಉತ್ತರ ಕಂಡಿತು. ಆ ದಿನ ಮೇಜಿನ ಮೇಲೆ ಹಾಕಿದ ಲೆಕ್ಕದ ಕ್ರಮವನ್ನೇ ಎಲ್ಲ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ, ಗುಣಿಸಲು ಸುಲಭವಾಗುವಂತೆ ಆರಿಸಿಕೊಂಡವು. ಅವುಗಳ ಜಾಗದಲ್ಲಿ ಸದಸ್ಯರು ತಮ್ಮ ತೋಟದ ಅಂಕಿಗಳನ್ನು ಇಟ್ಟು ನೋಡಬೇಕಾಗಿ ವಿನಂತಿ.

ಎರಡು ಬಗೆಯ ಖರ್ಚು

ನಾವು ಬೆಳೆಗಾರರು ಸಾಮಾನ್ಯವಾಗಿ ವರ್ಷದ ಖರ್ಚನ್ನೆಲ್ಲ ಒಟ್ಟಿಗೆ ಕೂಡಿಸಿ, ಬಂದ ಹಣದಲ್ಲಿ ಕಳೆದು, ಉಳಿದುದನ್ನು ಲಾಭವೆಂದು ಕರೆಯುತ್ತೇವೆ. ಇದು ತಪ್ಪಲ್ಲ, ಆದರೆ ಸಾಲದು. ಖರ್ಚಿನಲ್ಲಿ ಎರಡು ಬಗೆಯಿದೆ. ಇವೆರಡನ್ನು ಬೇರೆ ಮಾಡದಿದ್ದರೆ ಮುಂದಿನ ವರ್ಷಕ್ಕೆ ಯಾವ ತೀರ್ಮಾನವನ್ನೂ ಸರಿಯಾಗಿ ಮಾಡಲಾಗುವುದಿಲ್ಲ.

ಮೊದಲನೆಯದು, ಫಸಲು ಬಂದರೂ ಬಾರದಿದ್ದರೂ ಮಾಡಲೇಬೇಕಾದ ಖರ್ಚು. ಕಳೆ ಹೊಡೆಸುವುದು, ಚಿಗುರು ತೆಗೆಸುವುದು, ಮರಗಸಿ, ಗಿಡಗಸಿ, ಗೊಬ್ಬರ, ಬೇಲಿ, ಹೂವಿಗೆ ನೀರು, ಸಾಲದ ಬಡ್ಡಿ ಇವೆಲ್ಲ ಈ ಗುಂಪಿಗೆ ಸೇರಿದವು. ಲೆಕ್ಕಶಾಸ್ತ್ರದವರು ಇದನ್ನು ಸ್ಥಿರ ವೆಚ್ಚ ಎನ್ನುತ್ತಾರೆ. ನಾವು ಇಲ್ಲಿ 'ತೋಟದ ಖರ್ಚು' ಎಂದು ಕರೆಯೋಣ.

ಎರಡನೆಯದು, ಫಸಲು ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ತಗಲುವ ಖರ್ಚು. ಹಣ್ಣು ಕೊಯ್ಯುವ ಕೂಲಿ, ಕಣದಲ್ಲಿ ಒಣಗಿಸಿ ಎಳೆಯುವ ಕೂಲಿ, ಚೀಲ, ಸಾಗಣೆ, ಹಮಾಲಿ ಇವು ಈ ಗುಂಪಿನವು. ಹತ್ತು ಮೂಟೆ ಕಡಿಮೆಯಾದರೆ ಹತ್ತು ಮೂಟೆಯಷ್ಟು ಖರ್ಚೂ ಕಡಿಮೆಯಾಗುತ್ತದೆ. ಇದನ್ನು 'ಕೊಯಿಲಿನ ಖರ್ಚು' ಎಂದು ಕರೆಯೋಣ.

ಒಂದು ತೋಟದ ಲೆಕ್ಕ

ಐದು ಎಕರೆ ರೋಬಸ್ಟಾ ತೋಟ. ವರ್ಷಕ್ಕೆ 50 ಕೆ.ಜಿ. ತೂಕದ 100 ಮೂಟೆ ಒಣ ಚೆರಿ ಬರುತ್ತದೆ ಎಂದು ಇಟ್ಟುಕೊಳ್ಳೋಣ. ತೋಟದ ಖರ್ಚು ಹೀಗಿದೆ:

ಕಳೆ ಮತ್ತು ಚಿಗುರು — ರೂ. 50,000
ಮರಗಸಿ, ಗಿಡಗಸಿ — ರೂ. 40,000
ಗೊಬ್ಬರ, ಸುಣ್ಣ — ರೂ. 60,000
ಹೂವಿಗೆ ನೀರು ಹಾಯಿಸಲು — ರೂ. 30,000
ಔಷಧಿ ಸಿಂಪಡಣೆ — ರೂ. 10,000
ಬೇಲಿ, ಪಂಪು, ಕಣದ ದುರಸ್ತಿ — ರೂ. 15,000
ಸಾಲದ ಬಡ್ಡಿ — ರೂ. 15,000
ಮನೆಯವರ ದುಡಿಮೆ — ರೂ. 30,000
ಒಟ್ಟು — ರೂ. 2,50,000

ಕೊನೆಯ ಬಾಬನ್ನು ನೋಡಿ ಕೆಲವರು ನಕ್ಕಾರು. ಮನೆಯವರಿಗೆ ಯಾರು ಕೂಲಿ ಕೊಡುತ್ತಾರೆ? ಆದರೆ ಮನೆಯವರು ಮಾಡದಿದ್ದರೆ ಆ ಕೆಲಸಕ್ಕೆ ಆಳು ಕರೆಯಲೇಬೇಕಿತ್ತು. ನಮ್ಮ ಮನೆಯ ಹೆಂಗಸರು ಕಣದಲ್ಲಿ ಬಿಸಿಲಿಗೆ ನಿಂತದ್ದು ಲೆಕ್ಕಕ್ಕೆ ಬಾರದಿದ್ದರೆ, ಅವರ ಕೂಲಿಯನ್ನೇ ನಾವು ಲಾಭವೆಂದು ಎಣಿಸಿಕೊಂಡಂತೆ ಆಗುತ್ತದೆ.

ಇನ್ನು ಕೊಯಿಲಿನ ಖರ್ಚು. ಒಂದು ಮೂಟೆ ಒಣ ಚೆರಿಗೆ ಸುಮಾರು 110 ಕೆ.ಜಿ. ಹಣ್ಣು ಬೇಕೆಂದು ಹಿಡಿದು, ಕೆ.ಜಿ.ಗೆ 7 ರೂಪಾಯಿಯಂತೆ ಕೊಯ್ದರೆ 770 ರೂ. ಒಣಗಿಸಲು 120, ಚೀಲ ಸಾಗಣೆ ಹಮಾಲಿಗೆ 110. ಒಟ್ಟು ಮೂಟೆಗೆ 1,000 ರೂ. ನೂರು ಮೂಟೆಗೆ ಒಂದು ಲಕ್ಷ.

ಎರಡೂ ಸೇರಿ ಖರ್ಚು 3,50,000 ರೂ. ಮೂಟೆಯೊಂದಕ್ಕೆ ಬಿದ್ದ ಅಸಲು 3,500 ರೂ. ಮೂಟೆಗೆ 5,000 ರೂ. ಧಾರಣೆ ಸಿಕ್ಕಿದರೆ ಹುಟ್ಟುವಳಿ 5,00,000 ರೂ., ಲಾಭ 1,50,000 ರೂ.

ಇದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿಯೂ ನೋಡಬಹುದು, ಮತ್ತು ಇದೇ ಹೆಚ್ಚು ಉಪಯುಕ್ತ. ಧಾರಣೆ 5,000ದಲ್ಲಿ ಕೊಯಿಲಿನ ಖರ್ಚು 1,000 ಕಳೆದರೆ 4,000 ರೂ. ಉಳಿಯುತ್ತದೆ. ಇದನ್ನು 'ಮೂಟೆಯ ಉಳಿಕೆ' ಎನ್ನೋಣ. ಪ್ರತಿ ಮೂಟೆಯ ಈ 4,000 ರೂಪಾಯಿ ಮೊದಲು ತೋಟದ ಖರ್ಚನ್ನು ತೀರಿಸಬೇಕು. ಎರಡೂವರೆ ಲಕ್ಷವನ್ನು ನಾಲ್ಕು ಸಾವಿರದಿಂದ ಭಾಗಿಸಿದರೆ ಅರವತ್ತೆರಡೂವರೆ. ಅಂದರೆ ಮೊದಲಿನ 62 ಮೂಟೆ ತೋಟದ ಖರ್ಚಿಗೇ ಹೋಯಿತು. 63ನೆಯ ಮೂಟೆಯಿಂದ ಲಾಭ ಶುರು. ನಿಮ್ಮ ತೋಟದಲ್ಲಿ ಅದು ಎಷ್ಟನೆಯ ಮೂಟೆ ಎಂಬುದು ನಿಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಈ ಲೇಖನ ಓದಿ ಮುಗಿಸಿದ ಸಂಜೆಯೇ ಲೆಕ್ಕ ಹಾಕುವುದು ಒಳಿತು.

ಯಾವುದು ಕೆಟ್ಟರೆ ಎಷ್ಟು ಪೆಟ್ಟು?

ಈಗ ಒಂದೊಂದನ್ನೇ ನೂರಕ್ಕೆ ಹತ್ತರಂತೆ ಕೆಡಿಸಿ ನೋಡೋಣ. ಉಳಿದವು ಇದ್ದಂತೆಯೇ ಇರಲಿ.

ಧಾರಣೆ 5,000ದಿಂದ 4,500ಕ್ಕೆ ಇಳಿದರೆ ಲಾಭ ಒಂದೂವರೆ ಲಕ್ಷದಿಂದ ಒಂದು ಲಕ್ಷಕ್ಕೆ ಇಳಿಯುತ್ತದೆ. ನಷ್ಟ 50,000 ರೂ.
ಫಸಲು 100 ಮೂಟೆಯಿಂದ 90ಕ್ಕೆ ಇಳಿದರೆ ಲಾಭ 1,10,000 ರೂ. ನಷ್ಟ 40,000 ರೂ.
ತೋಟದ ಖರ್ಚು ಎರಡೂವರೆ ಲಕ್ಷದಿಂದ 2,75,000ಕ್ಕೆ ಏರಿದರೆ ಲಾಭ 1,25,000 ರೂ. ನಷ್ಟ 25,000 ರೂ.
ಕೊಯಿಲಿನ ಖರ್ಚು ಮೂಟೆಗೆ 1,100 ಆದರೆ ಲಾಭ 1,40,000 ರೂ. ನಷ್ಟ 10,000 ರೂ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದು, ಧಾರಣೆ ನೂರಕ್ಕೆ ಹತ್ತು ಇಳಿದರೆ ಲಾಭವೂ ಹತ್ತೇ ಇಳಿಯುತ್ತದೆ ಎಂದು ತಿಳಿಯುವುದು ತಪ್ಪು. ನಮ್ಮ ಉದಾಹರಣೆಯಲ್ಲಿ ಲಾಭದ ಮೂರನೆಯ ಒಂದು ಭಾಗವೇ ಹೋಯಿತು. ಎರಡು, ಕೊಯಿಲಿನ ಕೂಲಿ ಹೆಚ್ಚಾಯಿತೆಂದು ನಾವು ಎಲ್ಲಕ್ಕಿಂತ ಹೆಚ್ಚು ಗೊಣಗುತ್ತೇವೆ, ಆದರೆ ಈ ನಾಲ್ಕರಲ್ಲಿ ಅದರ ಪೆಟ್ಟೇ ಅತಿ ಕಡಿಮೆ. ಕೆ.ಜಿ.ಗೆ ಎಂಟಾಣೆ ಉಳಿಸಲು ಹೋಗಿ, ಆಳು ಸಿಗದೆ, ಹಣ್ಣು ನೆಲಕ್ಕೆ ಉದುರಿ ಹತ್ತು ಮೂಟೆ ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ.

ಎಲ್ಲಿ ಕೈ ಬಿಗಿಹಿಡಿಯಬೇಕು?

ಧಾರಣೆ ಇಳಿದ ವರ್ಷ ನಮ್ಮಲ್ಲಿ ಮೊದಲು ಕಡಿತವಾಗುವುದು ಗೊಬ್ಬರ. ಇದು ಸರಿಯೇ ತಪ್ಪೇ ಎಂಬುದನ್ನು ಮೂಟೆಯ ಉಳಿಕೆಯಿಂದಲೇ ತಿಳಿಯಬೇಕು. ಒಂದು ಕಂತು ಗೊಬ್ಬರ ಬಿಟ್ಟು 15,000 ರೂ. ಉಳಿಸಿದೆವು, ಅದರಿಂದ ಫಸಲು ಎಂಟು ಮೂಟೆ ಕಡಿಮೆಯಾಯಿತು ಎಂದು ಇಟ್ಟುಕೊಳ್ಳೋಣ. ಉಳಿಕೆ 4,000 ಇರುವಾಗ ಎಂಟು ಮೂಟೆಗೆ 32,000 ರೂ. ಹೋಯಿತು. ಉಳಿಸಿದ್ದಕ್ಕಿಂತ ಕಳೆದದ್ದೇ ಎರಡರಷ್ಟು. ಈ ಉಳಿತಾಯ ಉಳಿತಾಯವೇ ಆಗಬೇಕಾದರೆ ಧಾರಣೆ ಮೂಟೆಗೆ 2,875 ರೂಪಾಯಿಗಿಂತ ಕೆಳಗೆ ಇರಬೇಕು. ಅದಕ್ಕಿಂತ ಮೇಲಿರುವವರೆಗೆ ಆ ಕಂತು ಗೊಬ್ಬರ ಹಾಕುವುದೇ ಲಾಭ. ಮಣ್ಣು ಪರೀಕ್ಷೆ ಮಾಡಿಸಿ, ಬೇಡದ ಗೊಬ್ಬರವನ್ನು ಬಿಡುವುದು ಮಾತ್ರ ಯಾವ ವರ್ಷಕ್ಕೂ ಒಳ್ಳೆಯ ಉಳಿತಾಯವೇ.

ಅಡಿಕೆಗೆ ಮುಂಗಾರಿನ ಬೋರ್ಡೋ ಸಿಂಪಡಣೆಯ ವಿಷಯವೂ ಹೀಗೆಯೇ. ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ ಎಲ್ಲ ಸೇರಿ ದೊಡ್ಡ ಬಾಬಾಗಿ ಕಂಡೀತು. ಆದರೆ ಮಳೆ ಹಿಡಿದ ವರ್ಷ ಕೊಳೆ ಬಂತೆಂದರೆ ಹೋಗುವುದು ಫಸಲು. ತೋಟದ ಖರ್ಚು ಅಷ್ಟಕ್ಕಷ್ಟೇ ನಿಂತಿರುತ್ತದೆ. ಫಸಲನ್ನು ಕಾಯುವ ಖರ್ಚಿಗೆ ಕೈ ಹಾಕುವ ಮೊದಲು ಫಸಲಿಗೆ ಸಂಬಂಧವಿಲ್ಲದ ಖರ್ಚುಗಳನ್ನು ಹುಡುಕಬೇಕು: ವರ್ಷಕ್ಕೆ ಹತ್ತು ದಿನ ಓಡುವ ಯಂತ್ರದ ಸಾಲ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕೊಂಡ ಪಲ್ಪರು, ಖಾಲಿ ಹೋಗಿ ಖಾಲಿ ಬರುವ ಗಾಡಿ. ನಾಲ್ಕು ಮನೆಯವರು ಸೇರಿ ಒಂದು ಯಂತ್ರ ಇಟ್ಟುಕೊಂಡರೆ ತೋಟದ ಖರ್ಚು ಇಳಿಯುತ್ತದೆ, ಫಸಲು ಒಂದು ಸೇರೂ ಕಡಿಮೆಯಾಗುವುದಿಲ್ಲ.

ಇನ್ನೊಂದು ಪ್ರಶ್ನೆ. ಧಾರಣೆ ಅಸಲಿಗಿಂತ ಕೆಳಗೆ ಬಿದ್ದರೆ ಕೊಯ್ಯುವುದೇ ಬೇಡವೇ? ಧಾರಣೆ 3,000 ಆಯಿತೆನ್ನಿ. ಕೊಯ್ದರೆ ನಮಗೆ 50,000 ರೂ. ನಷ್ಟ. ಆದರೆ ಕೊಯ್ಯದೆ ಬಿಟ್ಟರೆ ತೋಟದ ಖರ್ಚು ಪೂರ್ತಿ ಎರಡೂವರೆ ಲಕ್ಷ ನಷ್ಟ. ಕೊಯಿಲಿನ ಹೊತ್ತಿಗೆ ತೋಟದ ಖರ್ಚು ಆಗಿಹೋಗಿರುತ್ತದೆ. ಅದನ್ನು ನೆನೆದು ಪ್ರಯೋಜನವಿಲ್ಲ. ಧಾರಣೆ ಕೊಯಿಲಿನ ಖರ್ಚಿಗಿಂತ ಮೇಲಿದ್ದರೆ ಕೊಯ್ಯಲೇಬೇಕು. ಅಲ್ಲದೆ ಗಿಡದಲ್ಲಿ ಮತ್ತು ನೆಲದಲ್ಲಿ ಬಿಟ್ಟ ಹಣ್ಣು ಕಾಯಿಕೊರಕಕ್ಕೆ ಆಶ್ರಯವಾಗಿ ಮುಂದಿನ ವರ್ಷದ ಫಸಲನ್ನೂ ತಿನ್ನುತ್ತದೆ.

ಧಾರಣೆಯಲ್ಲಿ ನಮ್ಮ ಕೈವಾಡ ಎಷ್ಟು?

ಕಾಫಿಯ ಧಾರಣೆಯನ್ನು ನಾವು ಕಟ್ಟುವುದಿಲ್ಲ. 1940ರ ದಶಕದಿಂದ ಬಹುಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಟ್ಟು, ಕಂತಿನಲ್ಲಿ ಬರುವ ಹಣಕ್ಕೆ ಕಾಯಬೇಕಾಗಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ಬಂದಿತು. ಯಾರಿಗೆ, ಯಾವಾಗ ಮಾರಬೇಕೆಂಬ ಸ್ವಾತಂತ್ರ್ಯ ಬಂತು. ಆದರೆ ಅರೇಬಿಕಾದ ಧಾರಣೆ ನ್ಯೂಯಾರ್ಕಿನಲ್ಲಿ, ರೋಬಸ್ಟಾದ ಧಾರಣೆ ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ. ಬ್ರೆಜಿಲಿನಲ್ಲಿ ಹಿಮ ಬಿದ್ದರೆ, ವಿಯೆಟ್ನಾಮಿನಲ್ಲಿ ಬರ ಬಂದರೆ ಇಲ್ಲಿ ಧಾರಣೆ ಏರುತ್ತದೆ.

ಆದರೂ ನಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. ರೋಬಸ್ಟಾ ಚೆರಿಯ ವ್ಯಾಪಾರ ನಡೆಯುವುದು ಔಟ್‌ಟರ್ನ್ ಮೇಲೆ, ಅಂದರೆ 50 ಕೆ.ಜಿ. ಮೂಟೆಯಿಂದ ಎಷ್ಟು ಕೆ.ಜಿ. ಬೇಳೆ ಇಳಿಯುತ್ತದೆ ಎಂಬುದರ ಮೇಲೆ. ಔಟ್‌ಟರ್ನ್ ಒಂದಕ್ಕೆ 200 ರೂ. ಎಂದಾದರೆ 25 ಇಳಿಯುವ ಮೂಟೆಗೆ 5,000 ರೂ., 27 ಇಳಿಯುವ ಮೂಟೆಗೆ 5,400 ರೂ. ನೂರು ಮೂಟೆಗೆ 40,000 ರೂ. ವ್ಯತ್ಯಾಸ. ಮೇಲಿನ ಪಟ್ಟಿಯಲ್ಲಿ ಹತ್ತು ಮೂಟೆ ಫಸಲು ಕಳೆದುಕೊಂಡರೆ ಆಗುತ್ತಿದ್ದ ನಷ್ಟಕ್ಕೆ ಇದು ಸಮ. ಈ ಎರಡು ಕೆ.ಜಿ.ಯನ್ನು ಗಳಿಸಲು ಬೇಕಾದದ್ದು ಹೊಸ ಜಮೀನಲ್ಲ: ಹಣ್ಣಾದದ್ದನ್ನೇ ಕೊಯ್ಯುವುದು, ಹಸಿರು ಕಾಯಿ ಮತ್ತು ಜೊಳ್ಳನ್ನು ಬೇರೆ ಮಾಡುವುದು, ಕಣದಲ್ಲಿ ತೆಳುವಾಗಿ ಹರಡಿ ಒಂದೇ ಸಮನಾಗಿ ಒಣಗಿಸುವುದು, ಕಲ್ಲು ಕಡ್ಡಿ ಆರಿಸುವುದು. ಇದಕ್ಕೆ ಎರಡು ಸುತ್ತು ಕೊಯಿಲು ಬೇಕಾಗಿ ಖರ್ಚು ಸ್ವಲ್ಪ ಏರಬಹುದು. ಮೂಟೆಗೆ 100 ರೂ. ಏರಿದರೂ 300 ರೂ. ನಮ್ಮ ಕೈಯಲ್ಲೇ ಉಳಿಯುತ್ತದೆ.

ಮಾಲು ಇಟ್ಟುಕೊಂಡು ಕಾಯುವುದಕ್ಕೂ ಬೆಲೆಯಿದೆ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯ ಸಾಲ ಮೈಮೇಲಿಟ್ಟುಕೊಂಡು 5,000 ರೂ. ಬೆಲೆಯ ಮೂಟೆಯನ್ನು ಆರು ತಿಂಗಳು ಇಟ್ಟರೆ ಬಡ್ಡಿಯೇ 300 ರೂ.; ಮಳೆಗಾಲದ ತೇವ, ತೂಕದ ವ್ಯತ್ಯಾಸ, ಗೋದಾಮಿನ ಬಾಡಿಗೆ ಬೇರೆ. ಧಾರಣೆ ಅದಕ್ಕಿಂತ ಹೆಚ್ಚು ಏರಿದರೆ ಮಾತ್ರ ಕಾದದ್ದು ಲಾಭ. ಕಾಯಬಾರದೆಂದು ನಾವು ಹೇಳುವುದಿಲ್ಲ. ತೋಟದ ಖರ್ಚು ಮತ್ತು ಸಾಲದ ಕಂತಿಗೆ ಬೇಕಾದಷ್ಟು ಮೂಟೆಯನ್ನು ಮೊದಲು ಮಾರಿ, ಉಳಿದುದನ್ನು ಎರಡು ಮೂರು ಸಲ ಬಿಡಿಸಿ ಮಾರುವುದು ಸಣ್ಣ ಹಿಡುವಳಿಗೆ ತಕ್ಕ ದಾರಿ.

ಅಡಿಕೆಯ ಲೆಕ್ಕ

ಅಡಿಕೆಯಲ್ಲಿ ನಮ್ಮ ಸದಸ್ಯರ ಮುಂದಿರುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: ಹಸಿ ಅಡಿಕೆಯನ್ನೇ ಚೇಣಿದಾರರಿಗೆ ಕೊಡುವುದೋ, ಸುಲಿದು ಬೇಯಿಸಿ ಒಣಗಿಸಿ ರಾಶಿ ಮಾಡಿ ಮಾರುವುದೋ? ಕೊನೆ ಇಳಿಸುವ ಖರ್ಚು ಎರಡು ರೀತಿಯಲ್ಲೂ ನಮ್ಮದೇ ಎಂದು ಇಟ್ಟುಕೊಂಡು ನೋಡೋಣ.

ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಚೇಣಿದಾರರು 5,000 ರೂ. ಕೊಡುತ್ತಾರೆ. ನಾವೇ ಸಂಸ್ಕರಿಸಿದರೆ 13 ಕೆ.ಜಿ. ಒಣ ಅಡಿಕೆ ಇಳಿಯುತ್ತದೆ, ಧಾರಣೆ ಕೆ.ಜಿ.ಗೆ 450 ರೂ. ಆದರೆ 5,850 ರೂ. ಬರುತ್ತದೆ. ಸುಲಿತ, ಸೌದೆ, ಬೇಯಿಸಿ ಒಣಗಿಸುವ ಖರ್ಚು ಒಣ ಅಡಿಕೆಯ ಕೆ.ಜಿ.ಗೆ 50 ರೂಪಾಯಿಯಂತೆ 650 ರೂ. ಕಳೆದರೆ 5,200 ಉಳಿಯಿತು. ಚೇಣಿಗಿಂತ 200 ರೂ. ಮೇಲು. ಆದರೆ ಅದೇ ಅಡಿಕೆ 13ರ ಬದಲು ಹನ್ನೆರಡೂವರೆ ಕೆ.ಜಿ. ಮಾತ್ರ ಇಳಿದರೆ? ಬರುವ ಹಣ 5,625, ಖರ್ಚು 625, ಉಳಿದದ್ದು ಸರಿಯಾಗಿ 5,000. ಒಂದು ತಿಂಗಳು ಅಂಗಳದಲ್ಲಿ ಮಾಡಿದ ಅಷ್ಟೂ ಕೆಲಸಕ್ಕೆ ಮೇಲುಳಿಕೆ ಸೊನ್ನೆ. ಮೋಡ ಕವಿದು ಮಾಲು ಕಪ್ಪಾದರೆ ಕೈಯಿಂದಲೇ ಹಾಕಬೇಕು.

ಅರ್ಧ ಕೆ.ಜಿ.ಯಲ್ಲಿ ತೀರ್ಮಾನವೇ ತಿರುಗಿತು. ಹಾಗಿರುವಾಗ ತನ್ನ ತೋಟದ ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಎಷ್ಟು ಒಣ ಅಡಿಕೆ ಇಳಿಯುತ್ತದೆಂಬುದನ್ನು ತೂಗಿ ನೋಡದೆ, ನೆರೆಯವರು ಕೊಟ್ಟರೆಂದು ಕೊಡುವುದೂ ನೆರೆಯವರು ಬೇಯಿಸಿದರೆಂದು ಬೇಯಿಸುವುದೂ ಸರಿಯಲ್ಲ. ಪ್ರತಿ ಕೊಯಿಲಿನಲ್ಲೂ ಒಂದು ಕ್ವಿಂಟಾಲನ್ನು ಬೇರೆ ತೂಗಿ, ಬೇರೆ ಒಣಗಿಸಿ, ಬರೆದಿಡಿ. ಮೂರು ವರ್ಷ ಬರೆದರೆ ನಿಮ್ಮ ತೋಟದ ಸ್ವಭಾವ ನಿಮಗೇ ತಿಳಿಯುತ್ತದೆ.

ಅಡಿಕೆಯಲ್ಲಿ ಧಾರಣೆ ನಮ್ಮ ಕೈ ಮೀರಿದ್ದು ನಿಜ, ಆದರೆ ಒಟ್ಟಿಗೆ ನಿಂತರೆ ಪೂರ್ತಿ ಕೈ ಮೀರಿದ್ದಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಮಲೆನಾಡಿನ ಮ್ಯಾಮ್‌ಕೋಸ್, ಶಿರಸಿಯ ಟಿ.ಎಸ್.ಎಸ್. ಅದಕ್ಕೂ ಹಿಂದಿನವು. ಮಾರುಕಟ್ಟೆಯಲ್ಲಿ ಸಹಕಾರಿ ಖರೀದಿದಾರನೊಬ್ಬ ನಿಂತಿದ್ದಾನೆ ಎಂಬುದೇ ಉಳಿದ ವ್ಯಾಪಾರಿಗಳ ತೂಕವನ್ನೂ ದರವನ್ನೂ ಹದ್ದಿನಲ್ಲಿಡುತ್ತದೆ.

ಏರಿದ ಧಾರಣೆಯ ಅಪಾಯ

ಈಗ ಆರಂಭದಲ್ಲಿ ಹೇಳಿದ ಎರಡನೆಯ ಸದಸ್ಯರ ಪ್ರಶ್ನೆಗೆ ಬರೋಣ.

ನಮ್ಮ ಉದಾಹರಣೆಯ ತೋಟದಲ್ಲಿ ಧಾರಣೆ 5,000ದಿಂದ 10,000ಕ್ಕೆ ಏರಿತೆನ್ನಿ. ಲಾಭ ಒಂದೂವರೆ ಲಕ್ಷದಿಂದ ಆರೂವರೆ ಲಕ್ಷಕ್ಕೆ ಏರುತ್ತದೆ. ಧಾರಣೆ ಎರಡರಷ್ಟಾದರೆ ಲಾಭ ನಾಲ್ಕರಷ್ಟಕ್ಕೂ ಹೆಚ್ಚು. ಆಗ ಮನಸ್ಸು ಉಬ್ಬುವುದು ಸಹಜ. ಪಕ್ಕದ ಜಮೀನು ಮಾರಾಟಕ್ಕೆ ಬರುತ್ತದೆ, ಅದೂ ಏರಿದ ಬೆಲೆಗೆ. ಹೊಸ ಜೀಪು, ಸಿಮೆಂಟಿನ ದೊಡ್ಡ ಕಣ, ಮನೆಗೆ ಮಹಡಿ. ಬ್ಯಾಂಕೂ ಏರಿದ ವರ್ಷದ ಹುಟ್ಟುವಳಿ ನೋಡಿಯೇ ಸಾಲ ಕೊಡುತ್ತದೆ. ವರ್ಷಕ್ಕೆ ಮೂರು ಲಕ್ಷದ ಕಂತು ತಾನೇ, ಆರೂವರೆ ಲಕ್ಷದಲ್ಲಿ ಕಟ್ಟಿದರಾಯಿತು ಎಂದುಕೊಳ್ಳುತ್ತೇವೆ.

ಲೆಕ್ಕಶಾಸ್ತ್ರದ ಪ್ರಕಾರ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಖರ್ಚಲ್ಲ. ಆದರೆ ಕಂತು ನಗದಾಗಿಯೇ ಹೋಗಬೇಕಾದ್ದರಿಂದ ಕೈಯಲ್ಲಿ ಉಳಿಯುವ ಹಣದ ಮಟ್ಟಿಗೆ ಅದು ತೋಟದ ಖರ್ಚೇ. ಎರಡೂವರೆ ಲಕ್ಷ ಇದ್ದದ್ದು ಐದೂವರೆ ಲಕ್ಷವಾಯಿತು. ಇನ್ನು ಮೂಟೆಗೆ 3,500 ರೂ. ಬಂದರೆ ಸಾಕಾಗಿದ್ದ ತೋಟಕ್ಕೆ 6,500 ರೂ. ಬರಲೇಬೇಕು. ಹೊಸ ಜಮೀನಿನಲ್ಲಿ ಗಿಡ ನೆಟ್ಟರೆ ರೋಬಸ್ಟಾ ಫಸಲಿಗೆ ಬರಲು ಮೂರು ನಾಲ್ಕು ವರ್ಷ, ಅಡಿಕೆಗೆ ಅದಕ್ಕೂ ಹೆಚ್ಚು; ಅಲ್ಲಿಯವರೆಗೆ ಕಂತನ್ನು ಹಳೆಯ ತೋಟವೇ ಹೊರಬೇಕು.

ಆಮೇಲೆ ಒಂದು ದಿನ ಧಾರಣೆ ಮರಳಿ 5,000ಕ್ಕೆ ಬರುತ್ತದೆ. ಅದೇ ತೋಟ, ಅದೇ ನೂರು ಮೂಟೆ, ಅದೇ ಐದು ಸಾವಿರ. ಹಿಂದೆ ಒಂದೂವರೆ ಲಕ್ಷ ಉಳಿಯುತ್ತಿತ್ತು. ಈಗ ಒಂದೂವರೆ ಲಕ್ಷ ಕೈಯಿಂದ ಹಾಕಬೇಕು. ಆ ಸದಸ್ಯರ ದುಡ್ಡು ಹೋದದ್ದು ಇಲ್ಲಿಗೆ. ಅವರಿಗೆ ಸಿಕ್ಕ ಧಾರಣೆ ಕಡಿಮೆಯಾಗಿರಲಿಲ್ಲ. ಅವರಿಗೆ ಬೇಕಾದ ಧಾರಣೆ ಏರಿಹೋಗಿತ್ತು.

ಇದು ಹೊಸ ಕಥೆಯಲ್ಲ. ಬ್ರೆಜಿಲಿನಲ್ಲಿ 1975ರಲ್ಲಿ ಹಿಮ ಬಿದ್ದು, 1977ರಲ್ಲಿ ನ್ಯೂಯಾರ್ಕ್ ಧಾರಣೆ ಪೌಂಡಿಗೆ 3 ಡಾಲರ್ ದಾಟಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಧಾರಣೆ ಕುಸಿಯಿತು. 1994ರಲ್ಲಿ ಮತ್ತೆ ಬ್ರೆಜಿಲಿನಲ್ಲಿ ಹಿಮ. 1997ರ ಮೇ ತಿಂಗಳಲ್ಲಿ ಮತ್ತೆ 3 ಡಾಲರ್ ಮೇಲೆ. ಅಷ್ಟರಲ್ಲಿ ವಿಯೆಟ್ನಾಮಿನ ಹೊಸ ತೋಟಗಳು ಫಸಲಿಗೆ ಬಂದವು; 2001ರ ಕೊನೆಗೆ ಅದೇ ನ್ಯೂಯಾರ್ಕಿನಲ್ಲಿ ಪೌಂಡಿಗೆ 50 ಸೆಂಟೂ ಇರಲಿಲ್ಲ. 2011ರಲ್ಲಿ ಮತ್ತೆ 3 ಡಾಲರ್. 2024ರಲ್ಲಿ ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಏರಿದ ಪ್ರತಿಯೊಂದು ಸಲವೂ 'ಇನ್ನು ಇಳಿಯುವುದಿಲ್ಲ' ಎಂದು ಹೇಳಿದವರಿದ್ದರು. ಧಾರಣೆ ಏರಿದಾಗ ಲೋಕದಲ್ಲೆಲ್ಲ ಗಿಡ ನೆಡುತ್ತಾರೆ. ಆ ಗಿಡಗಳು ಒಟ್ಟಿಗೆ ಫಸಲಿಗೆ ಬಂದಾಗ ಧಾರಣೆ ಇಳಿಯುತ್ತದೆ. ಇದು ಈ ಬೆಳೆಯ ಗುಣ.

ಉಪದೇಶ ಮಾಡುವ ನಾವೂ ಇದಕ್ಕೆ ಹೊರತಾಗಿರಲಿಲ್ಲ. 1997ರಲ್ಲಿ ನಮ್ಮ ಮನೆಯಲ್ಲಿಯೂ ಸಾಲ ಮಾಡಿ ಪಕ್ಕದ ಮೂರು ಎಕರೆ ಕೊಂಡೆವು. ಆಗ ಕಾಲೇಜು ಮುಗಿಸಿ ಬಂದಿದ್ದ ನಮಗೆ ಲೆಕ್ಕ ಬರುತ್ತಿತ್ತು, ಆದರೆ ಹಾಕಿದ ಲೆಕ್ಕವೆಲ್ಲ ಆ ವರ್ಷದ ಧಾರಣೆಯ ಮೇಲೆ. 2001ರಲ್ಲಿ ಕಂತು ಕಟ್ಟಲು ಗೊಬ್ಬರ ಬಿಟ್ಟೆವು. ಗೊಬ್ಬರ ಬಿಟ್ಟದ್ದಕ್ಕೆ ಫಸಲು ಬಿತ್ತು. ಫಸಲು ಬಿದ್ದದ್ದಕ್ಕೆ ಮೂಟೆಯ ಅಸಲು ಇನ್ನೂ ಏರಿತು. ಆ ಸಾಲ ತೀರಿದ್ದು 2011ರಲ್ಲಿ. ಆ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಗತಿ ಇದೇ ಆಗಿ, ಕೊನೆಗೆ 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾಫಿ ಬೆಳೆಗಾರರಿಗಾಗಿ ಸಾಲ ಪರಿಹಾರ ಯೋಜನೆಯನ್ನು ತರಬೇಕಾಯಿತು.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಏರಿದ ಧಾರಣೆಯ ಕಾಲದಲ್ಲಿ ಎಲ್ಲರೂ ಹೇಳುತ್ತಾರೆ. ತೂರುವುದೆಂದರೆ ಕಾಳನ್ನು ಕಣದಲ್ಲಿ ಉಳಿಸಿಕೊಳ್ಳುವುದು. ಗಾಳಿ ಬಂತೆಂದು ಕಣವನ್ನೇ ದೊಡ್ಡದು ಮಾಡುವುದಲ್ಲ.

ಸದಸ್ಯರು ಮಾಡಬೇಕಾದ್ದು

ಮೊದಲನೆಯದಾಗಿ, ಒಂದು ನೋಟುಪುಸ್ತಕದಲ್ಲಿ ತೋಟದ ಖರ್ಚು ಒಂದು ಬದಿ, ಕೊಯಿಲಿನ ಖರ್ಚು ಇನ್ನೊಂದು ಬದಿ ಬರೆಯಿರಿ. ಕಾಫಿಗೂ ಅಡಿಕೆಗೂ ಬೇರೆ ಬೇರೆ ಪುಟವಿರಲಿ. ನೆರಳಿನ ಮರಕ್ಕೆ ಹಬ್ಬಿದ ಕಾಳುಮೆಣಸಿಗೂ ಒಂದು ಪುಟ ಬೇಕು. ಅದೇ ಕಳೆ, ಅದೇ ಗೊಬ್ಬರ, ಅದೇ ಬೇಲಿಯಲ್ಲಿ ಬೆಳೆಯುವುದರಿಂದ ಮೆಣಸು ತೋಟದ ಖರ್ಚಿನಲ್ಲಿ ಪಾಲು ಹೊತ್ತು ಕಾಫಿಯ ಅಸಲನ್ನು ಇಳಿಸುತ್ತದೆ.

ಎರಡನೆಯದಾಗಿ, ವರ್ಷದ ಕೊನೆಗೆ ಎರಡು ಅಂಕಿಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ: ಈ ವರ್ಷ ಒಂದು ಮೂಟೆಗೆ ಬಿದ್ದ ಅಸಲು ಎಷ್ಟು, ಎಷ್ಟನೆಯ ಮೂಟೆಯಿಂದ ಲಾಭ ಶುರುವಾಯಿತು. ಫಸಲು ಒಂದು ವರ್ಷ ಹೆಚ್ಚು ಒಂದು ವರ್ಷ ಕಡಿಮೆ ಬರುವುದರಿಂದ ಮೂರು ವರ್ಷದ ಸರಾಸರಿ ನೋಡುವುದು ಸರಿ. ನಮ್ಮ ಉದಾಹರಣೆಯ ತೋಟದಲ್ಲಿಯೇ ಫಸಲು 70 ಮೂಟೆಗೆ ಇಳಿದರೆ ಅಸಲು 3,500ರಿಂದ ಸುಮಾರು 4,570ಕ್ಕೆ ಏರುತ್ತದೆ.

ಮೂರನೆಯದಾಗಿ, ಹೊಸ ಸಾಲಕ್ಕೆ ಸಹಿ ಹಾಕುವ ಮೊದಲು ಕಂತನ್ನು ತೋಟದ ಖರ್ಚಿಗೆ ಸೇರಿಸಿ, ಹೊಸ ಅಸಲು ಎಷ್ಟಾಗುತ್ತದೆಂದು ನೋಡಿ. ಕಳೆದ ಹತ್ತು ವರ್ಷಗಳಲ್ಲಿ ನಿಮಗೆ ಸಿಕ್ಕ ಧಾರಣೆಗಳನ್ನು ಸಂಘದ ದಫ್ತರದಿಂದ ಬರೆದುಕೊಂಡು, ಅವುಗಳಲ್ಲಿ ಎಷ್ಟು ವರ್ಷ ಈ ಹೊಸ ಅಸಲು ಹುಟ್ಟುತ್ತಿತ್ತೆಂದು ಎಣಿಸಿ. ಹತ್ತರಲ್ಲಿ ಎರಡೇ ವರ್ಷ ಹುಟ್ಟುವುದಾದರೆ ಆ ಸಾಲ ನಮಗಲ್ಲ.

ನಾಲ್ಕನೆಯದಾಗಿ, ಧಾರಣೆ ಚೆನ್ನಾಗಿ ಸಿಕ್ಕಿದ ವರ್ಷ ಬಂದ ಹೆಚ್ಚಿನ ಹಣದಲ್ಲಿ ಮೊದಲು ಹಳೆಯ ಸಾಲ ತೀರಿಸಿ. ಬಳಿಕ ಒಂದು ವರ್ಷದ ತೋಟದ ಖರ್ಚಿನಷ್ಟು ಠೇವಣಿ ಇಡಿ. ಆಮೇಲೂ ಉಳಿದರೆ ಬೊಡ್ಡೆಕೊರಕ ತಿಂದ ಅರೇಬಿಕಾ, ಮುದಿಯಾದ ರೋಬಸ್ಟಾ, ಸತ್ತ ಅಡಿಕೆ ಮರಗಳ ಜಾಗ ತುಂಬಿಸಿ. ಇದ್ದ ಎಕರೆಯಲ್ಲಿಯೇ ಮೂಟೆ ಹೆಚ್ಚಿಸುವುದು ಅಸಲನ್ನು ಇಳಿಸುತ್ತದೆ. ಏರಿದ ಬೆಲೆಗೆ ಹೊಸ ಎಕರೆ ಕೊಳ್ಳುವುದು ಅಸಲನ್ನು ಏರಿಸುತ್ತದೆ.

ಆ ಎರಡನೆಯ ಸದಸ್ಯರು ಈಗ ಜೀಪನ್ನು ಮಾರಿ, ಕಂತನ್ನು ಸ್ವಲ್ಪ ಇಳಿಸಿಕೊಂಡಿದ್ದಾರೆ. ಗೊಬ್ಬರ ಬಿಟ್ಟಿಲ್ಲ. ಮೊನ್ನೆ ನೋಟುಪುಸ್ತಕ ಹಿಡಿದುಕೊಂಡು ಬಂದು, ತಮ್ಮ ತೋಟದಲ್ಲಿ 91ನೆಯ ಮೂಟೆಯಿಂದ ಲಾಭ ಶುರುವಾಗುತ್ತದೆಂದು ತೋರಿಸಿದರು. ಅದನ್ನು ಎಪ್ಪತ್ತರ ಸುಮಾರಿಗೆ ತರಲು ಮೂರು ವರ್ಷ ಬೇಕೆಂಬುದು ಅವರ ಅಂದಾಜು. ದಾರಿ ದೂರವಿದೆ, ಆದರೆ ಎಷ್ಟು ದೂರವೆಂಬುದು ಈಗ ಅವರಿಗೆ ಗೊತ್ತಿದೆ.

ಲೆಕ್ಕ ಹಾಕಲು ತೊಂದರೆಯಾಗುವ ಸದಸ್ಯರು ತಮ್ಮ ಚೀಟಿ, ರಸೀದಿಗಳನ್ನು ತೆಗೆದುಕೊಂಡು ಕಚೇರಿಯ ವೇಳೆಯಲ್ಲಿ ಬರಬಹುದು. ಒಟ್ಟಿಗೆ ಕುಳಿತು ನೋಡೋಣ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

— ಕಾರ್ಯದರ್ಶಿ